ಕಡಲ ಬಯಲೂ ನಮ್ಮ ಗೇಟಿನ ಬೀಗವೂ

ಈ ಸಂಚಿಕೆಯಲ್ಲಿ ನಾವು ಗಾಲ್ಫ್ ಆಟದ ಬಗ್ಗೆ ಬರೆಯಲು ಹೊರಟಿದ್ದೇವೆ. ನಿಮಗೆ ನಗು ಬಂದರೆ ತಪ್ಪಿಲ್ಲ. ಕೊಲ್ಹಾಪುರದ ಕಡೆ ಆಟ ಎಂದರೆ ಕುಸ್ತಿ ಮತ್ತು ಫುಟ್ಬಾಲ್. ಗಾಲ್ಫ್ ಎಂದರೆ ಟೀವಿಯಲ್ಲಿ ಬಿಳಿ ಟೋಪಿಯ ಶ್ರೀಮಂತರು ನಿಧಾನವಾಗಿ ನಡೆಯುವುದು ಕಂಡ ಕೂಡಲೇ ನಾವು ಬದಲಿಸುವ ಚಾನೆಲ್, ಅಷ್ಟೆ. ಗುರುಮಠದಲ್ಲಿ ನಾವು ಆಡಿದ್ದು ವಾಲಿಬಾಲ್. ಗಾಲ್ಫಿನ ಕೋಲನ್ನು ಕೈಯಲ್ಲಿ ಹಿಡಿದದ್ದು ನಲವತ್ತು ದಾಟುವ ಹೊತ್ತಿಗೆ, ಅದೂ ಒಂದೇ ಒಂದು ಬೇಸಿಗೆಯಲ್ಲಿ. ಆದರೆ ಆ ಒಂದು ಬೇಸಿಗೆ ನಮ್ಮ ಕೈಯಲ್ಲಿದ್ದ ಒಂದು ಬೀಗದ ಕೈಯನ್ನು ಕೆಳಗಿಡಿಸಿತು. ಆ ಸಂಗತಿಯನ್ನು ಹೇಳಲೇಬೇಕು ಎಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ಮೊದಲು ಬೀಗದ ಕಥೆ. ಆಗ ನಾವು ಗಡಹಿಂಗ್ಲಜ ಕಡೆಯ ಒಂದು ಕೇಂದ್ರದಲ್ಲಿ ಸೇವೆಯಲ್ಲಿದ್ದೆವು. ದೇವಾಲಯದ ಮುಂದೆ ಮುಕ್ಕಾಲು ಎಕರೆಯಷ್ಟು ಬಯಲು. ಗಡಹಿಂಗ್ಲಜದ ಫುಟ್ಬಾಲ್ ಹುಚ್ಚು ನಿಮಗೆ ಗೊತ್ತಿರುವುದೇ. ಕೊಲ್ಹಾಪುರದಲ್ಲಿ ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮು, ಬಾಲಗೋಪಾಲ ತಾಲೀಮು ಎಂದು ಕುಸ್ತಿಯ ಗರಡಿಗಳ ಹೆಸರಿನಲ್ಲೇ ಫುಟ್ಬಾಲ್ ತಂಡಗಳಿವೆ. ಶಾಹೂ ಕ್ರೀಡಾಂಗಣದಲ್ಲಿ ಅವು ಎದುರುಬದುರಾದ ದಿನ ಪೇಟೆ ಅರ್ಧ ಖಾಲಿ. ಅದೇ ಹುಚ್ಚು ಗಡಹಿಂಗ್ಲಜದಲ್ಲೂ ಇದೆ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲಿ ನಡೆದಾಗ ಭಾರತ ತಂಡದಲ್ಲಿ ಕೊಲ್ಹಾಪುರದ ಅನಿಕೇತ ಜಾಧವ ಆಡಿದ. ಆ ಮೇಲೆ ಕೇಳಬೇಕೆ? ಬಯಲು ಕಂಡಲ್ಲೆಲ್ಲ ಚೆಂಡು.

ನಮ್ಮ ಬಯಲಿಗೂ ಸಂಜೆಯಾದರೆ ಮೂವತ್ತು ನಲವತ್ತು ಹುಡುಗರು ಬರುತ್ತಿದ್ದರು. ನಮ್ಮ ಧರ್ಮಕೇಂದ್ರದ ಮಕ್ಕಳು ಐದಾರು ಮಂದಿ, ಉಳಿದವರೆಲ್ಲ ಊರವರು. ಕನ್ನಡದಲ್ಲಿ ಬೈದುಕೊಂಡು ಮರಾಠಿಯಲ್ಲಿ ರಾಜಿಯಾಗುವ ಹುಡುಗರು. 2018ರ ಆರಂಭದ ತಿಂಗಳುಗಳಲ್ಲಿ ಎರಡು ಸಲ ಪೂಜಾವಸ್ತ್ರದ ಕೋಣೆಯ ಕಿಟಕಿ ಒಡೆಯಿತು. ಒಮ್ಮೆ ಮಾತೆ ಮರಿಯಳ ಗವಿಯ ಗಾಜೂ ಹೋಯಿತು. ಜಪಸರ ಮಾಡುತ್ತಿದ್ದ ಅಜ್ಜಿಯೊಬ್ಬರ ಬೆನ್ನಿಗೆ ಚೆಂಡು ಬಡಿಯಿತು. ಪಾಲನಾ ಸಮಿತಿಯಲ್ಲಿ ಮಾತು ಬಂತು. ಕಾನೂನು ಬಲ್ಲ ಸದಸ್ಯರೊಬ್ಬರು, “ಫಾದರ್, ಬಯಲ ಹಿಂಗ ಬಿಟ್ರ ನಾಳೆ ಯಾರರೆ ನಮ್ಮದ ಅಂತ ಕುಂದರ್ತಾರ್ರೀ” ಎಂದರು. ಅದೂ ಸುಳ್ಳಲ್ಲ. ಮುರಿದ ಗೋಡೆಯನ್ನು ಕಟ್ಟಿಸಿ ಕಬ್ಬಿಣದ ಗೇಟು ಹಾಕಿಸಿದೆವು. ಬೀಗವನ್ನು ನಾವೇ ಪೇಟೆಗೆ ಹೋಗಿ ತಂದೆವು. ಮೊದಲ ಸಂಜೆ ಹುಡುಗರು ಗೇಟಿನ ಹೊರಗೆ ನಿಂತು, “ಫಾದರ್, ಹತ್ತ ನಿಮಿಷ ಆಡ್ತೀವ್ರೀ” ಎಂದು ಕೇಳಿದರು. ನಾವು ಕೇಳಿಸದವರಂತೆ ಒಳಗೆ ಹೋದೆವು. ಆ ಸಂಜೆಯ ನಿಶ್ಶಬ್ದ ನಮಗೆ ಬಹಳ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅದೇ ವರ್ಷ ಜುಲೈನಲ್ಲಿ ಸ್ಕಾಟ್ಲೆಂಡಿಗೆ ಹೋಗುವ ಅವಕಾಶ ಬಂತು. ಅಲ್ಲಿನ ಗುರುಗಳು ರಜೆಗೆ ಹೋದಾಗ ಒಂದು ತಿಂಗಳು ಬಲಿಪೂಜೆ, ರೋಗಿಗಳ ಭೇಟಿ ನೋಡಿಕೊಳ್ಳುವ ಕೆಲಸ. ನಾವಿದ್ದದ್ದು ಫೈಫ್ ಎಂಬ ಸೀಮೆಯಲ್ಲಿ. ಹತ್ತಿರದ ಪಟ್ಟಣ ಸೇಂಟ್ ಆಂಡ್ರೂಸ್, ಅಂದರೆ ನಮ್ಮ ಪ್ರೇಷಿತ ಸಂತ ಅಂದ್ರೆಯರ ಊರು. ಅವರ ಪವಿತ್ರ ಅವಶೇಷಗಳನ್ನು ಹಿಂದೆ ಅಲ್ಲಿಗೆ ತಂದಿದ್ದರು ಎಂಬ ನಂಬಿಕೆಯಿಂದ ಊರಿಗೆ ಆ ಹೆಸರು. ಜಗತ್ತಿಗೆ ಮಾತ್ರ ಅದು ಗಾಲ್ಫಿನ ತವರು ಎಂದೇ ಪರಿಚಯ.

ಬಲಿಪೂಜೆಗೆ ಬರುತ್ತಿದ್ದ ಹಿರಿಯರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ನಮ್ಮನ್ನು ಮೊದಲ ವಾರವೇ ಕಡಲ ಕಡೆಗೆ ಕರೆದುಕೊಂಡು ಹೋದರು. ನಾವು ಹಸಿರು ಹಾಸಿದ ಉದ್ಯಾನವನ್ನು ನಿರೀಕ್ಷಿಸಿದ್ದೆವು. ಕಂಡದ್ದು ಉಬ್ಬುತಗ್ಗಿನ, ಮರವೇ ಇಲ್ಲದ, ಅರ್ಧ ಹಸಿರು ಅರ್ಧ ಕಂದು ಬಣ್ಣದ ಹುಲ್ಲುಗಾವಲು. ಒಂದು ಕಡೆ ಕಡಲು, ಒಂದು ಕಡೆ ಊರು, ನಡುವೆ ಗಾಳಿ. “ಇದೇನಾ?” ಎಂಬ ಪ್ರಶ್ನೆ ನಮ್ಮ ಮುಖದಲ್ಲಿ ಕಂಡಿತೇನೋ, ಅವರು ನಕ್ಕರು.

ಇಂಥ ನೆಲಕ್ಕೆ ಅವರು ಲಿಂಕ್ಸ್ ಎನ್ನುತ್ತಾರೆ. ದಿಬ್ಬ, ಏರುನೆಲ ಎಂಬ ಅರ್ಥದ ಹಳೆಯ ಮಾತಿನಿಂದ ಬಂದ ಪದ ಅದು. ಸಾವಿರಾರು ವರ್ಷಗಳ ಹಿಂದೆ ಕಡಲು ಹಿಂದೆ ಸರಿದಾಗ ಉಳಿದ ಮರಳು, ಗಾಳಿಗೆ ದಿಬ್ಬದಿಬ್ಬವಾಗಿ ಕೂತಿತು. ಮೇಲೆ ಗಿಡ್ಡ ಹುಲ್ಲು ಬೆಳೆಯಿತು. ಉತ್ತು ಬಿತ್ತಲು ಬರುವುದಿಲ್ಲ. ನಮ್ಮ ಎರೆಮಣ್ಣಿನಲ್ಲಿ ಕಬ್ಬು ನಿಂತಂತೆ ಅಲ್ಲಿ ಏನೂ ನಿಲ್ಲದು. ಹಾಗಾಗಿ ಯಾರಿಗೂ ಬೇಡವಾದ ನೆಲ. ಊರವರು ಕುರಿ ಮೇಯಿಸಿದರು, ಬಟ್ಟೆ ಒಣಗಿಸಿದರು, ಮೊಲ ಹಿಡಿದರು, ಆಟ ಆಡಿದರು. ಹುಲ್ಲನ್ನು ಸಣ್ಣಗೆ ಕತ್ತರಿಸಿದ್ದು ಯಂತ್ರವಲ್ಲ, ಕುರಿ ಮತ್ತು ಮೊಲಗಳು. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿಗಳು ದಿಬ್ಬದ ಮರೆಯಲ್ಲಿ ಒತ್ತಿ ಮಲಗಿ ಮಲಗಿ ಹುಲ್ಲು ಸವೆದು ಮರಳಿನ ಗುಂಡಿಗಳಾದವು. ಇಂದು ಗಾಲ್ಫ್ ಆಡುವವರು ಹೆದರುವ ಬಂಕರ್ ಎಂಬ ಗುಂಡಿಗಳ ಮೂಲ ಅದೇ ಎಂದು ಹೇಳುತ್ತಾರೆ. ಎಷ್ಟೇ ಮಳೆ ಬಂದರೂ ಮರಳು ನೀರನ್ನು ಕುಡಿದುಬಿಡುತ್ತದೆ. ಆದ್ದರಿಂದ ವರ್ಷವಿಡೀ ಆಡಬಹುದು. ಹೀಗೆ ದೇವರೂ ಗಾಳಿಯೂ ಕುರಿಗಳೂ ಸೇರಿ ಮಾಡಿದ ಮೈದಾನದಲ್ಲಿ ಆಟ ಹುಟ್ಟಿತು. ನಮ್ಮ ನಾಡಿನಲ್ಲಿ 1876ರ ಬೆಂಗಳೂರು ಗಾಲ್ಫ್ ಕ್ಲಬ್, ಕೋಲಾರ ಚಿನ್ನದ ಗಣಿಯ ಗಾಲ್ಫ್ ಕ್ಲಬ್ ಎಲ್ಲ ಆ ತಾಯಿಯ ದೂರದ ಮಕ್ಕಳು.

ಆಟದ ಗುಟ್ಟು ಸರಳ. ಸಣ್ಣ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು ದೂರದ ಕುಳಿಗೆ ಹಾಕಬೇಕು, ಆದಷ್ಟು ಕಡಿಮೆ ಹೊಡೆತಗಳಲ್ಲಿ. ಅಲ್ಲಿನ ಓಲ್ಡ್ ಕೋರ್ಸ್ ಎಂಬ ಹಳೆಯ ಮೈದಾನದಲ್ಲಿ ಮೊದಲು ಒಂದು ಸುತ್ತಿಗೆ 22 ಕುಳಿಗಳಿದ್ದವಂತೆ. 1764ರಲ್ಲಿ ಕೆಲವನ್ನು ಸೇರಿಸಿ 18 ಮಾಡಿದರು. ಜಗತ್ತಿನ ಎಲ್ಲ ಕಡೆ ಇಂದು 18 ಇರುವುದು ಅದರಿಂದಲೇ. ಒಂದೇ ಹಸಿರು ಅಂಗಳದಲ್ಲಿ ಹೋಗುವವರಿಗೊಂದು, ಬರುವವರಿಗೊಂದು ಎಂದು ಎರಡು ಕುಳಿಗಳಿರುವ ಏಳು ಜಾಗಗಳಿವೆ. ಆ ಎರಡು ಕುಳಿಗಳ ಸಂಖ್ಯೆ ಕೂಡಿಸಿದರೆ ಪ್ರತಿ ಸಲವೂ 18! ಗುಂಡಿಗಳಿಗೂ ಹೆಸರುಗಳಿವೆ. ಒಂದಕ್ಕೆ ‘ನರಕ’, ಇನ್ನು ಕೆಲವಕ್ಕೆ ‘ಶವಪೆಟ್ಟಿಗೆಗಳು’, ಕೊನೆಯ ಅಂಗಳದ ಮುಂದಿನ ತಗ್ಗಿಗೆ ‘ಪಾಪದ ಕಣಿವೆ’. “ಫಾದರ್, ನಿಮಗೆ ಇಲ್ಲಿ ಪ್ರಸಂಗಕ್ಕೆ ಕೊರತೆಯಿಲ್ಲ” ಎಂದರು ಹಿರಿಯರು.

ಓಲ್ಡ್ ಕೋರ್ಸಿನಲ್ಲಿ ಆಡುವ ಯೋಗ್ಯತೆಯೂ ಹಣವೂ ನಮಗಿರಲಿಲ್ಲ. ಇಂದು ಹೊರಗಿನವರಿಗೆ ಬೇಸಿಗೆಯಲ್ಲಿ ಅಲ್ಲಿನ ಒಂದು ಸುತ್ತಿಗೆ 300 ಪೌಂಡಿಗೂ ಹೆಚ್ಚು, ಅಂದರೆ ನಮ್ಮ ಮೂವತ್ತು ಸಾವಿರ ರೂಪಾಯಿಗೂ ಮೇಲೆ. ಇಚಲಕರಂಜಿಯ ಮಗ್ಗದಲ್ಲಿ ದುಡಿಯುವ ನಮ್ಮ ಅಣ್ಣತಮ್ಮಂದಿರು ಅದಕ್ಕೆ ಎಷ್ಟು ದಿನ ದುಡಿಯಬೇಕೆಂದು ನೀವೇ ಲೆಕ್ಕ ಹಾಕಿರಿ. ಆದರೆ ಪಕ್ಕದಲ್ಲೇ ಮಕ್ಕಳಿಗೂ ಕಲಿಯುವವರಿಗೂ ಒಂಬತ್ತು ಕುಳಿಗಳ ಬಾಲ್ಗೋವ್ ಎಂಬ ಮೈದಾನವಿದೆ. 1867ರಲ್ಲಿ ಹೆಂಗಸರಿಗಾಗಿ ಆರಂಭವಾದ, ‘ಹಿಮಾಲಯ’ ಎಂಬ ಅಡ್ಡಹೆಸರಿನ ಉಬ್ಬುತಗ್ಗಿನ ಅಂಗಳವೂ ಇದೆ. ಅಲ್ಲಿ ಕೆಲವೇ ಪೌಂಡು ಕೊಟ್ಟು ಯಾರು ಬೇಕಾದರೂ ಚೆಂಡನ್ನು ಉರುಳಿಸಬಹುದು. ಅಜ್ಜಿಯರು, ಮೊಮ್ಮಕ್ಕಳು, ಊರು ನೋಡಲು ಬಂದವರು ಎಲ್ಲ ಸಾಲಿನಲ್ಲಿ. ನಮ್ಮ ಗಾಲ್ಫ್ ನಡೆದದ್ದು ಈ ಎರಡು ಕಡೆ.

ಏನು ಆಡಿದೆವು ಎಂದು ಕೇಳಬೇಡಿ. ಮೊದಲ ನಾಲ್ಕು ಹೊಡೆತಗಳಲ್ಲಿ ಮೂರು ಹುಲ್ಲನ್ನಷ್ಟೇ ಕಿತ್ತವು. ಐದನೆಯದು ಚೆನ್ನಾಗಿ ಹಾರಿತು. ಆದರೆ ಕಡಲಗಾಳಿ ಅದನ್ನು ನಡುವಿನಲ್ಲೇ ಹಿಡಿದು ಮರಳುಗುಂಡಿಗೆ ಹಾಕಿತು. ಗುಂಡಿಗಿಳಿದರೆ ನಮ್ಮ ತಲೆ ಮಾತ್ರ ಹೊರಗೆ. ಹತ್ತು ವರ್ಷದ ಹುಡುಗಿಯೊಬ್ಬಳು ಹಿಂದೆ ಕಾಯುತ್ತಿದ್ದಳು. ನಾಚಿಕೆಯಾಗಿ ನಾವು ಚೆಂಡನ್ನು ಕೈಯಲ್ಲೆತ್ತಿ ಹೊರಗೆ ಇಡಹೋದೆವು. ಹಿರಿಯರು ಮೆಲ್ಲಗೆ, “ಇಲ್ಲ ಫಾದರ್, ಅದು ಬಿದ್ದಲ್ಲಿಂದಲೇ ಆಡಬೇಕು” ಎಂದರು. ಏಳು ಹೊಡೆತ ಬೇಕಾಯಿತು. ಆ ಹುಡುಗಿ ಚಪ್ಪಾಳೆ ತಟ್ಟಿದಳು, ಗೇಲಿಗಲ್ಲ. ಗಾಳಿ ನಿಮಗೆ ವಿರುದ್ಧವಾಗಿದೆ ಎಂದು ದೂರುವಂತಿಲ್ಲ, ನೆಲ ಸಮವಿಲ್ಲ ಎನ್ನುವಂತಿಲ್ಲ. ತೀರ್ಪುಗಾರ ಪಕ್ಕದಲ್ಲಿಲ್ಲ. ಎಷ್ಟು ಹೊಡೆದೆ ಎಂದು ನೀವೇ ಎಣಿಸಿ ನೀವೇ ಸತ್ಯ ಹೇಳಬೇಕು. ಶ್ರೀಮಂತರ ಆಟವೆಂದು ನಾವು ತಳ್ಳಿಹಾಕಿದ್ದರಲ್ಲಿ ಇಷ್ಟು ಪ್ರಾಮಾಣಿಕತೆಯ ಪಾಠವಿದೆ ಎಂದು ತಿಳಿದಿರಲಿಲ್ಲ.

ನಮ್ಮನ್ನು ಹೆಚ್ಚು ಬೆರಗುಗೊಳಿಸಿದ್ದು ಆಟವಲ್ಲ, ಬಾಗಿಲು ಇಲ್ಲದಿರುವುದು. ಓಲ್ಡ್ ಕೋರ್ಸಿನ ಮೊದಲನೆಯ ಮತ್ತು ಹದಿನೆಂಟನೆಯ ಕುಳಿಗಳ ಹಾದಿಗೆ ಅಡ್ಡಲಾಗಿ ಸಾರ್ವಜನಿಕ ರಸ್ತೆಯೊಂದು ಹೋಗುತ್ತದೆ. ಜಗತ್ತಿನ ದೊಡ್ಡ ಆಟಗಾರ ಕೋಲೆತ್ತಿ ನಿಂತಿರುವಾಗಲೂ, ಮಗುವನ್ನು ಗಾಡಿಯಲ್ಲಿಟ್ಟುಕೊಂಡು ಕಡಲ ಕಡೆ ಹೊರಟ ತಾಯಿ ಆ ರಸ್ತೆ ದಾಟಬಹುದು. ಆಟಗಾರ ಕಾಯುತ್ತಾನೆ. ಭಾನುವಾರಗಳಂದು ಅಲ್ಲಿ ಆಟವೇ ಇಲ್ಲ, ದೊಡ್ಡ ಪಂದ್ಯಗಳ ದಿನ ಬಿಟ್ಟು. ಆಟಗಾರರಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕು ಎಂದು ಹತ್ತೊಂಬತ್ತನೆಯ ಶತಮಾನದ ಟಾಮ್ ಮಾರಿಸ್ ಎಂಬ ಮೈದಾನಪಾಲಕರು ಹೇಳಿದ್ದರೆಂದು ಊರವರು ಇಂದಿಗೂ ನೆನೆಯುತ್ತಾರೆ. ಭಾನುವಾರ ಬಲಿಪೂಜೆ ಮುಗಿಸಿ ನಾವು ಹೋದಾಗ ಆ ಪ್ರಸಿದ್ಧ ಹುಲ್ಲಿನ ಮೇಲೆ ನಾಯಿಗಳು ಓಡುತ್ತಿದ್ದವು, ಮಕ್ಕಳು ಉರುಳುತ್ತಿದ್ದರು, ಮುದುಕರು ಕೈಹಿಡಿದು ನಡೆಯುತ್ತಿದ್ದರು. ಸ್ವಿಲ್ಕನ್ ಎಂಬ ಸಣ್ಣ ಹಳ್ಳದ ಮೇಲಿನ ಕಲ್ಲು ಸೇತುವೆಯ ಮೇಲೆ ನಿಂತು ನಾವೂ ಫೋಟೋ ತೆಗೆಸಿಕೊಂಡೆವು. ಹಿಂದೆ ಕುರಿಗಾಹಿಗಳು ಕುರಿ ದಾಟಿಸುತ್ತಿದ್ದ ಸೇತುವೆಯಂತೆ ಅದು.

“ಇದು ಯಾರ ಜಾಗ?” ಎಂದು ಕೇಳಿದೆವು. “ಊರಿನದು” ಎಂದರು ಅವರು. “ನಿಮ್ಮ ಮಹಾಧರ್ಮಾಧ್ಯಕ್ಷರೇ ಬರೆದುಕೊಟ್ಟದ್ದು.”

ಆಮೇಲೆ ಆ ಚರಿತ್ರೆಯನ್ನು ಓದಿ ತಿಳಿದೆವು. 1457ರಲ್ಲಿ ಸ್ಕಾಟ್ಲೆಂಡಿನ ಅರಸ ಎರಡನೆಯ ಜೇಮ್ಸ್ ಕಾಲದ ಸಂಸತ್ತು ಗಾಲ್ಫನ್ನೂ ಫುಟ್ಬಾಲನ್ನೂ ನಿಷೇಧಿಸಿತ್ತು. ಜನ ಬಿಲ್ಲುವಿದ್ಯೆ ಬಿಟ್ಟು ಆಟಕ್ಕೆ ಹೋಗುತ್ತಾರೆ, ಯುದ್ಧಕ್ಕೆ ಯಾರು ಎಂಬ ಚಿಂತೆ. ಅದಾಗಿ ನೂರು ವರ್ಷ ತುಂಬುವ ಮೊದಲೇ, 1552ರಲ್ಲಿ, ಸೇಂಟ್ ಆಂಡ್ರೂಸಿನ ಮಹಾಧರ್ಮಾಧ್ಯಕ್ಷ ಜಾನ್ ಹ್ಯಾಮಿಲ್ಟನ್ ಒಂದು ಪತ್ರಕ್ಕೆ ಮುದ್ರೆ ಹಾಕಿದರು. ಲಿಂಕ್ಸಿನಲ್ಲಿ ಮೊಲ ಸಾಕುವ ಹಕ್ಕು ಅವರಿಗೆ, ಅಲ್ಲಿ ಗಾಲ್ಫ್, ಫುಟ್ಬಾಲ್, ಬಿಲ್ಲಿನ ಗುರಿಯಾಟ, ಬೇರೆ ಎಲ್ಲ ಆಟಗಳನ್ನೂ ಆಡುವ ಹಕ್ಕು ಊರವರಿಗೆ. ಹೊಸದಾಗಿ ಕೊಟ್ಟದ್ದಲ್ಲ, ಮೊದಲಿಂದ ಇದ್ದುದನ್ನು ಒಪ್ಪಿಕೊಂಡದ್ದು.

ಆ ಮಹಾಧರ್ಮಾಧ್ಯಕ್ಷರ ಪ್ರಧಾನಾಲಯ ಇಂದಿಲ್ಲ. 1318ರಲ್ಲಿ ಅರಸನ ಸಮ್ಮುಖದಲ್ಲಿ ಪ್ರತಿಷ್ಠೆಯಾದ, ಸ್ಕಾಟ್ಲೆಂಡಿನ ಅತಿ ದೊಡ್ಡ ದೇವಾಲಯವಾಗಿದ್ದ ಅದನ್ನು 1559ರ ಮತಸುಧಾರಣೆಯ ಗದ್ದಲದಲ್ಲಿ ಜನರೇ ಬರಿದು ಮಾಡಿದರು. ಕಲ್ಲುಗಳನ್ನು ಮನೆ ಕಟ್ಟಲು ಹೊತ್ತರು. ಇಂದು ಉಳಿದಿರುವುದು ಕೆಲವು ಗೋಡೆಗಳು, ಗೋಪುರ, ಸಮಾಧಿಗಳು. ಟಾಮ್ ಮಾರಿಸರ ಸಮಾಧಿಯೂ ಅಲ್ಲೇ. ಹ್ಯಾಮಿಲ್ಟನ್ ಅವರನ್ನು 1571ರಲ್ಲಿ ಸ್ಟರ್ಲಿಂಗಿನಲ್ಲಿ ಗಲ್ಲಿಗೇರಿಸಿದರು. ಅವರು ರಾಜಕೀಯದಲ್ಲಿ ಮುಳುಗಿದ್ದ ಮನುಷ್ಯ, ಸಂತರೇನೂ ಅಲ್ಲ. ಆದರೆ ಅವರು ಒಪ್ಪಿಕೊಂಡ ಆ ಹಕ್ಕು ಮಾತ್ರ ಉಳಿಯಿತು. 1797ರಲ್ಲಿ ದಿವಾಳಿಯಾದ ಪಟ್ಟಣಸಭೆ ಆ ನೆಲವನ್ನು ಮಾರಿತು. ಮೊಲದ ವ್ಯಾಪಾರಿಗಳು ಅಲ್ಲಿ ಮೊಲ ತುಂಬಿಸಿದರು. ಆಡುವವರಿಗೂ ಅವರಿಗೂ ವರ್ಷಗಟ್ಟಲೆ ಜಗಳ, ಕೋರ್ಟು. 1821ರಲ್ಲಿ ಪಕ್ಕದ ಜಮೀನ್ದಾರನೊಬ್ಬ ಕೊಂಡು ಆಟವನ್ನು ಉಳಿಸಿದ. 1894ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಊರು ಅದನ್ನು ಮರಳಿ ಪಡೆಯಿತು. ಈಗ ಟ್ರಸ್ಟೊಂದು ಏಳು ಮೈದಾನಗಳನ್ನು ಊರಿನ ಪರವಾಗಿ ನೋಡಿಕೊಳ್ಳುತ್ತದೆ. ಹೊರಗಿನವರಿಂದ ಹೆಚ್ಚು ತೆಗೆದುಕೊಂಡರೂ ಊರವರಿಗೆ ವರ್ಷಕ್ಕೆ ಕಡಿಮೆ ದರದ ಟಿಕೆಟು.

ಊರಿಗೆ ಹೊರಡುವ ಮುನ್ನಾದಿನ ಸಂಜೆ, ರಾತ್ರಿ ಒಂಬತ್ತಾದರೂ ಬೆಳಕಿತ್ತು, ನಾವಿಬ್ಬರೂ ಆ ಪಾಳುಗೋಡೆಗಳ ನಡುವೆ ಕುಳಿತಿದ್ದೆವು. ಹಿರಿಯರು, “ಫಾದರ್, ನಿಮ್ಮ ದೇವಾಲಯದ ಸುತ್ತ ಜಾಗ ಇದೆಯೇ?” ಎಂದು ಕೇಳಿದರು. ಇದೆ ಎಂದೆವು. “ಮಕ್ಕಳು ಆಡುತ್ತಾರೆಯೇ?” ನಮಗೆ ಗಂಟಲು ಕಟ್ಟಿತು. ನಡೆದದ್ದನ್ನು ಹೇಳಿದೆವು. ಗಾಜಿನ ಲೆಕ್ಕವನ್ನೂ ಹೇಳಿದೆವು. ಅವರು ನಮಗೆ ಬುದ್ಧಿ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಊರಲ್ಲೂ ಗಾಜು ಒಡೆಯುತ್ತಲೇ ಇರುತ್ತದೆ” ಎಂದರು, ಅಷ್ಟೆ.

ಆಗಸ್ಟಿನಲ್ಲಿ ಗಡಹಿಂಗ್ಲಜಕ್ಕೆ ಬಂದಾಗ ಮಳೆ. ಬಸ್ಸಿಳಿದು ಬರುವಾಗಲೇ ಉಪದೇಶಿಯವರು ಸುದ್ದಿ ಹೇಳಿದರು. ಬಯಲು ಮುಚ್ಚಿದ ಮೇಲೆ ಹುಡುಗರು ಹೆದ್ದಾರಿಯ ಬದಿಯ ಮಣ್ಣಿನ ಪಟ್ಟಿಯಲ್ಲಿ ಆಡತೊಡಗಿದ್ದರು. ಚೆಂಡಿನ ಹಿಂದೆ ಓಡಿದ ಒಬ್ಬನಿಗೆ ಮೋಟಾರ್ ಸೈಕಲ್ ಬಡಿದು ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಹದಿಮೂರು ವರ್ಷದ ಹುಡುಗ. ನಮ್ಮ ಪೀಠಬಾಲಕ.

ಕೊಲ್ಹಾಪುರದ ಆಸ್ಪತ್ರೆಗೆ ಅಂದೇ ಹೋದೆವು. ಶಸ್ತ್ರಕ್ರಿಯೆ ಆಗಿತ್ತು. ಹುಡುಗ ನಮ್ಮನ್ನು ಕಂಡು, “ಫಾದರ್, ಅಲ್ಲಿ ಫುಟ್ಬಾಲ್ ಆಡ್ತಾರೇನ್ರೀ?” ಎಂದು ಕೇಳಿದ. ಅವನ ತಂದೆ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದವರು, ರಾತ್ರಿ ಪಾಳಿ ಮುಗಿಸಿ ಬಂದು ಗೋಡೆಗೊರಗಿ ನಿಂತಿದ್ದರು. ನಾವು ಅವನ ತಾಯಿಗೆ, “ನಮ್ಮ ಕೀಲಿಯಿಂದ ಹಿಂಗಾಯ್ತವ್ವಾ” ಎಂದೆವು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಮ್ಮ ಕೀಲಿ ಏನ್ ಮಾಡ್ತದ್ರೀ ಫಾದರ್, ನಮ್ಮ ನಸೀಬ” ಎಂದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಸಂತ ಅಂದ್ರೆಯರ ನೆನಪಾಯಿತು. ಐದು ಸಾವಿರ ಜನ ಹಸಿದು ಕುಳಿತಿದ್ದಾಗ ಉಳಿದ ಶಿಷ್ಯರು ಹಣದ ಲೆಕ್ಕ ಮಾಡಿದರು. ಆ ಜನಜಂಗುಳಿಯಲ್ಲಿ ಒಬ್ಬ ಹುಡುಗನಿದ್ದಾನೆ, ಅವನ ಬಳಿ ಐದು ರೊಟ್ಟಿ ಎರಡು ಮೀನು ಇವೆ ಎಂದು ಗಮನಿಸಿ ಯೇಸುಸ್ವಾಮಿಗೆ ತಿಳಿಸಿದವರು ಅಂದ್ರೆಯರು. ಅವರ ಹೆಸರಿನ ಊರಿನಲ್ಲಿ ಒಂದು ತಿಂಗಳಿದ್ದು ಬಂದ ನಮಗೆ ನಮ್ಮ ಗೇಟಿನ ಹೊರಗಿನ ನಲವತ್ತು ಹುಡುಗರು ಕಂಡಿರಲಿಲ್ಲ, ಒಡೆದ ಗಾಜು ಮಾತ್ರ ಕಂಡಿತ್ತು.

ಮುಂದಿನ ಭಾನುವಾರ ಪಾಲನಾ ಸಮಿತಿಯನ್ನು ಕರೆದೆವು. ಬೀಗ ತೆಗೆಯೋಣ ಎಂದರೆ ಎಲ್ಲರೂ ಕೈಯೆತ್ತಿದರು ಎಂದು ಬರೆದರೆ ಸುಳ್ಳಾಗುತ್ತದೆ. ಎರಡೂವರೆ ಗಂಟೆ ವಾದ ನಡೆಯಿತು. ಜಾಗ ಕೈತಪ್ಪೀತು ಎಂಬ ಭಯಕ್ಕೆ ಉತ್ತರ ಬೇಕಿತ್ತು. ಕೊನೆಗೆ ಹೀಗೆ ತೀರ್ಮಾನವಾಯಿತು. ತಾಲೂಕಿನ ಭೂಮಾಪನ ಕಚೇರಿಯಿಂದ ಅಳತೆ ಮಾಡಿಸಿ ಗಡಿಕಲ್ಲು ನೆಡುವುದು. ಗೋಡೆಯಿರಲಿ, ಗೇಟಿಗೆ ಹಗಲು ಬೀಗ ಬೇಡ. ಸಂಜೆ ಐದರಿಂದ ಏಳರವರೆಗೆ ಆಟ. ಪೂಜೆ, ಜಪಸರ, ಮದುವೆ, ಶವಸಂಸ್ಕಾರದ ವೇಳೆ ಚೆಂಡು ನಮ್ಮ ಕೋಣೆಯಲ್ಲಿ. ಕಿಟಕಿಗಳಿಗೂ ಗವಿಗೂ ತಂತಿಯ ಜಾಲರಿ. ಹುಡುಗರೇ ಇಬ್ಬರು ನಾಯಕರನ್ನು ಆರಿಸಿಕೊಳ್ಳಬೇಕು, ಗಾಜು ಒಡೆದರೆ ಅರ್ಧ ದುಡ್ಡು ಅವರದು. ಬೆನ್ನಿಗೆ ಚೆಂಡು ತಿಂದ ಅಜ್ಜಿಯವರೇ ಮೊದಲು ಒಪ್ಪಿಗೆ ಕೊಟ್ಟರು. “ಹುಡುಗ್ರ ಗದ್ಲ ಇಲ್ದ ಗುಡಿ ಮುಂದ ಬಿಕೋ ಅಂತದ” ಎಂದರು. ಒಂದು ಕುಟುಂಬ ಮಾತ್ರ ಇಂದಿಗೂ ಆ ತೀರ್ಮಾನವನ್ನು ಒಪ್ಪಿಲ್ಲ. ಅವರ ಮಾತಿನಲ್ಲೂ ಅರ್ಥವಿದೆ. ಆ ವರ್ಷ ಮತ್ತೆ ಎರಡು ಗಾಜು ಹೋದವು.

ಇಷ್ಟು ಹೇಳಿ, ಕಡಲ ಬದಿಯ ಗಾಲ್ಫೆಲ್ಲ ಒಳ್ಳೆಯದು ಎಂದು ನೀವು ತಿಳಿಯಬಾರದು. ಅದೇ ಡಿಸೆಂಬರಿನಲ್ಲಿ ಯುವಜನರನ್ನು ಕರೆದುಕೊಂಡು ಪ್ರವಾಸ ಹೊರಟೆವು. ಗಡಹಿಂಗ್ಲಜದಿಂದ ಆಜರಾ, ಅಂಬೋಲಿ ಘಾಟು ಇಳಿದು ಸಾವಂತವಾಡಿ, ಶಿರೋಡಾ, ರೇಡಿ ದಾಟಿದರೆ ತೆರೆಖೋಲ್. ಅಂಬೋಲಿಯಲ್ಲಿ ನಮ್ಮ ಹಿರಣ್ಯಕೇಶಿಯ ಉಗಮವನ್ನು ತೋರಿಸಿದೆವು. ಕಡಲಿಗೆ ಅಷ್ಟು ಹತ್ತಿರ ಹುಟ್ಟಿ, ಬೆನ್ನು ತಿರುಗಿಸಿ ನಮ್ಮ ಗಡಹಿಂಗ್ಲಜಕ್ಕೆ ಬರುವ ಹೊಳೆ ಅದು. ತೆರೆಖೋಲ್ ಗೋವೆಗೆ ಸೇರಿದ್ದು, ಆದರೆ ನದಿಯ ಈಚೆ, ಮಹಾರಾಷ್ಟ್ರಕ್ಕೆ ಅಂಟಿಕೊಂಡಿದೆ. ಸಾವಂತವಾಡಿಯ ಭೋಂಸಲೆಯವರು ಕಟ್ಟಿದ, 1746ರಲ್ಲಿ ಪೋರ್ಚುಗೀಸರ ವಶವಾದ ಕೋಟೆಯೊಳಗೆ ಸಂತ ಅಂತೋಣಿಯವರ ಪುಟ್ಟ ದೇವಾಲಯ. ಕೋಟೆಯ ಮೇಲಿಂದ ನೋಡಿದರೆ ಒಂದು ಕಡೆ ಕಡಲು, ಒಂದು ಕಡೆ ನದಿ, ಬೆನ್ನಿಗೆ ಗೋಡಂಬಿಯ ಗುಡ್ಡ.

ಆ ಗುಡ್ಡದ ಮೇಲೆ ಕಡಲಿಗೆ ಮುಖಮಾಡಿ ಗಾಲ್ಫ್ ಮೈದಾನವೂ ವಿಲಾಸಿ ಹೋಟೆಲೂ ಮಾಡುವ ಯೋಜನೆಯೊಂದು ಬಂದಿತ್ತು. 2014ರಲ್ಲಿ ಕೆಲಸ ಶುರುಮಾಡಲು ಹೊರಟಾಗ ಊರವರು ಅಡ್ಡ ನಿಂತರು. ತಲೆಮಾರುಗಳಿಂದ ಗೋಡಂಬಿ ಹೆಕ್ಕಿ, ಗೇಣಿಗೆ ಬೆಳೆ ತೆಗೆದು ಬದುಕಿದವರು ಅವರು. ವಿಷಯ ಹಸಿರು ನ್ಯಾಯಮಂಡಳಿಯ, ನ್ಯಾಯಾಲಯದ ಮೆಟ್ಟಿಲೇರಿತು. ನಾವು ಹೋದಾಗ ಅಲ್ಲಿ ಗಾಲ್ಫ್ ಕಾಣಲಿಲ್ಲ, ಗೋಡಂಬಿಯೇ ಕಂಡಿತು. ನಮ್ಮ ಯುವಕನೊಬ್ಬ, “ಆದ್ರ ಫಾದರ್, ಹೋಟೆಲ್ ಬಂದಿದ್ರ ನಾಲ್ಕ ಮಂದಿಗೆ ನೌಕರಿ ಸಿಗ್ತಿತ್ತಲ್ರೀ?” ಎಂದು ಕೇಳಿದ. ಅವನ ಪ್ರಶ್ನೆ ಸುಲಭದ್ದಲ್ಲ. ನೌಕರಿ ಬೇಕು ಎಂದು ಇಚಲಕರಂಜಿಗೂ ಪುಣೆಗೂ ಹೋದವರ ತಮ್ಮ ಅವನು. ನಾವು ಅವನಿಗೆ ಸೇಂಟ್ ಆಂಡ್ರೂಸಿನ ರಸ್ತೆಯ ಕಥೆ ಹೇಳಿದೆವು. ಆಟಗಾರ ಕಾಯುತ್ತಾನೆ, ತಾಯಿ ಮಗುವಿನೊಂದಿಗೆ ದಾಟುತ್ತಾಳೆ. ಕಡಲ ಬದಿಯಲ್ಲಿ ಆಟ ಬರುವುದಾದರೆ ಅಲ್ಲಿನವರನ್ನು ಕೇಳಿ ಬರಬೇಕು, ಅವರ ದಾರಿ ಅವರಿಗೆ ಉಳಿಯಬೇಕು. ಅಲ್ಲಿ ನೆಲ ಊರಿನದಾಗಿಯೇ ಉಳಿದು ಆಟ ಬೆಳೆಯಿತು. ಇಲ್ಲಿ ಆಟಕ್ಕಾಗಿ ಊರು ನೆಲ ಬಿಡಬೇಕಾಗುತ್ತದೆ ಎಂಬುದೇ ಜನರ ಭಯವಾಗಿತ್ತು. ನಮ್ಮ ಗೇಟಿನ ಹೊರಗೆ ನಿಂತ ಹುಡುಗರಿಗೂ ಅದೇ ಆಗಿತ್ತಲ್ಲವೇ? ಅವರನ್ನು ಒಂದು ಮಾತು ಕೇಳದೆ ನಾವು ಬೀಗ ತಂದಿದ್ದೆವು.

ಈಗ ನಾವು ಬೇರೆ ಕೇಂದ್ರದಲ್ಲಿದ್ದೇವೆ. ಕಾಲು ಮುರಿದಿದ್ದ ಹುಡುಗ ಐಟಿಐ ಮುಗಿಸಿ ಇಚಲಕರಂಜಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಓಡುವಾಗ ಎಡಗಾಲು ಇನ್ನೂ ತುಸು ಎಳೆಯುತ್ತದೆ. ರಜೆಗೆ ಊರಿಗೆ ಬಂದಾಗ ಅದೇ ಬಯಲಿನಲ್ಲಿ ಚಿಕ್ಕವರ ಪಂದ್ಯಕ್ಕೆ ಸೀಟಿ ಊದುತ್ತಾನೆ. ಕಳೆದ ಹಬ್ಬಕ್ಕೆ ಹೋದಾಗ ನಮ್ಮನ್ನು ಕಂಡು ಆಟ ನಿಲ್ಲಿಸಿ ಓಡಿಬಂದು, “ಫಾದರ್, ನಿನ್ನೆ ಒಂದ್ ಗಾಜ್ ಹೋತ್ರೀ” ಎಂದ. “ಅರ್ಧ ದುಡ್ಡು?” ಎಂದೆವು. “ಕೊಟ್ಟೇವ್ರೀ” ಎಂದು ನಕ್ಕ.

ಪ್ರಿಯ ಓದುಗರೇ, ನಮ್ಮ ಊರುಗಳಲ್ಲಿ ಬಯಲುಗಳು ಕಡಿಮೆಯಾಗುತ್ತಿವೆ. ಇಚಲಕರಂಜಿಯ ಓಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆಯುವ ಮಕ್ಕಳಿಗೆ ಓಡಲು ನೂರು ಹೆಜ್ಜೆ ಜಾಗ ಸಿಗುವುದಿಲ್ಲ. ನಮ್ಮ ದೇವಾಲಯಗಳ, ಶಾಲೆಗಳ, ಕಾನ್ವೆಂಟುಗಳ ಸುತ್ತ ಹಿಂದಿನವರು ಉಳಿಸಿಕೊಟ್ಟ ಜಾಗ ಇನ್ನೂ ಇದೆ. ಅದಕ್ಕೆ ಬೀಗ ಹಾಕಲು ನಮಗೆ ಒಳ್ಳೆಯ ಕಾರಣಗಳಿರುತ್ತವೆ, ನಮಗೂ ಇದ್ದವು. ಬೀಗ ಹಾಕುವ ಮೊದಲು ಒಂದು ಸಂಜೆ ಗೇಟಿನ ಹೊರಗೆ ನಿಂತು ನೋಡಿರಿ. ಅಲ್ಲಿ ಯಾರು ನಿಂತಿದ್ದಾರೆ, ಬೀಗ ಬಿದ್ದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿರಿ. ನಾವು ಕೇಳಿರಲಿಲ್ಲ. ಅದರ ಬೆಲೆಯನ್ನು ತೆತ್ತವನು ಹದಿಮೂರು ವರ್ಷದ ಹುಡುಗ.